260 ರೂಪಾಯಿ ಝೆರಾಕ್ಸ್‌ನ್ಯಾಗ ಡ್ರ್ಯಾಗನ್ ಆಟ: ಬೇಸಿಕ್ ಫ್ಯಾಂಟಸಿ ರಿವ್ಯೂ

ಮೊದಲ ಹೇಳಿಬಿಡ್ತೀನಿ, ಇದು ಮೊಬೈಲ್ ಗೇಮ್ ಅಲ್ಲ. ನಾಕೈದು ಮಂದಿ ಚಾಪಿ ಮ್ಯಾಲ ಕುಂತು ಆಡೋದು, ಒಬ್ಬಾಂವ ಕಥಿ ನಡಸ್ತಾನ, ಉಳದೋರು ಒಂದೊಂದು ಪಾತ್ರ ಹಿಡೀತಾರ, ಏನರೆ ಗಂಡಾಂತರದ ಕೆಲಸ ಮಾಡ್ಬೇಕಂದ್ರ ದಾಳ ಒಗೀತಾರ, ಮುಗೀತು. ನಮ್ಮಜ್ಜಿ ಎರಡು ತಾಸು ಬಾಗಲದಾಗ ನಿಂತು ನೋಡಿ "ವೇಷ ಹಾಕ್ದೆ ದೊಡ್ಡಾಟ ಆಡ್ಲಿಕತ್ತೀರಲ್ಲೋ" ಅಂದಳು. ಇದಕ್ಕಿಂತ ಛಲೋ ವಿವರಣೆ ನಾ ಎಲ್ಲೂ ಓದಿಲ್ಲ.

ಈ ಆಟದ ಮೂಲ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಡಿ ಅಂಡ್ ಡಿ), 1974ರಾಗ ಅಮೆರಿಕಾದಾಗ ಬಂದದ್ದು, ಈಗ ವಿಝರ್ಡ್ಸ್ ಆಫ್ ದ ಕೋಸ್ಟ್ ಅನ್ನೋ ಕಂಪನಿ ಕೈಯಾಗ ಅದ, ಆ ಕಂಪನಿ ಹ್ಯಾಸ್‌ಬ್ರೋದ್ದು. ಅವರ ಆಟಗಾರರ ಪುಸ್ತಕ ಒಂದಕ್ಕೇ 50 ಡಾಲರ್ ಹತ್ರ, ಅಂದ್ರ ನಮ್ಮ ರೊಕ್ಕದಾಗ ನಾಕು ಸಾವಿರದ ಮ್ಯಾಲ, ಮತ್ತ ಕಥಿ ನಡಸಾಂವಗ ಒಂದು, ರಾಕ್ಷಸರಿಗೆ ಒಂದು ಬ್ಯಾರೆ ಬ್ಯಾರೆ ಪುಸ್ತಕ. ಪಿಡಿಎಫ್ ಕೊಡ್ರಿ ಅಂದ್ರ ಈಗಿನ ಎಡಿಷನ್ನಿಂದು ಪಿಡಿಎಫ್ ಮಾರೋದೇ ಇಲ್ಲ, ಅವರ ವೆಬ್‌ಸೈಟ್‌ನ್ಯಾಗೇ ಓದ್ಬೇಕು. ಮೇ ತಿಂಗಳದಾಗ ಕಲಬುರಗಿಯೊಳಗ ಕರೆಂಟ್ ಹ್ಯಾಂಗ ಇರ್ತದ ನಿಮಗೂ ಗೊತ್ತದ.

ಹಿಂಗಾಗಿ ನಮ್ಮಂಥ ಊರಿಗಿ ಈ ಆಟ ಬಂದು ಮುಟ್ಟೋದು ದೊಡ್ಡ ಕಂಪನಿಯಿಂದಲ್ಲ, ಥರ್ಡ್ ಪಾರ್ಟಿ ಪಬ್ಲಿಷರ್ ಅಂತಾರಲ್ಲ, ಅಂದ್ರ ಆಟದ ಮಾಲೀಕರಲ್ಲದ ಸಣ್ಣ ಪ್ರಕಾಶಕರು, ಅವರಿಂದ. ಯಾಕಂದ್ರ ಅವರು ಪಿಡಿಎಫ್ ಕೊಡ್ತಾರ, ಪಿಡಿಎಫ್ ಇದ್ರ ಝೆರಾಕ್ಸ್ ಅಂಗಡಿ ಅದ.

ನಾ ತಗೊಂಡದ್ದು ಬೇಸಿಕ್ ಫ್ಯಾಂಟಸಿ ರೋಲ್ ಪ್ಲೇಯಿಂಗ್ ಗೇಮ್, 4ನೇ ಎಡಿಷನ್. ತಗೊಂಡೆ ಅಂದ್ರ ಬರೇ ಡೌನ್‌ಲೋಡ್ ಮಾಡ್ಕೊಂಡೆ, ಪೂರಾ ಫ್ರೀ ಅದ, ಕದ್ದದ್ದಲ್ಲ ಮತ್ತ. ಛಾಪಿಸಿದ ಪ್ರತಿ ಬೇಕಂದ್ರ ಅದನ್ನೂ ಲಾಭ ಇಟಗೊಳ್ದೆ ಅಸಲು ಖರ್ಚಿಗೇ ಮಾರ್ತಾರ. ಇನ್ನೂರರ ಆಸುಪಾಸು ಪೇಜು, ಸೂಪರ್ ಮಾರ್ಕೆಟ್ ಕಡೆ ಒಂದು ಅಂಗಡ್ಯಾಗ ಎರಡೂ ಬದಿ ಪ್ರಿಂಟ್ ಹೊಡಿಸಿ ಸ್ಪೈರಲ್ ಹಾಕ್ಸಿದೆ, ಎಲ್ಲಾ ಸೇರಿ 260 ರೂಪಾಯಿ. ಆದ್ರ ಒಂದು ಎಡವಟ್ಟಾತು, ಫೈಲ್ ಅಮೆರಿಕಾದ ಲೆಟರ್ ಸೈಜಿಂದು, ನಮ್ಮ ಎ4ಗಿಂತ ಅಗಲ, ಅಂಗಡಿ ಹುಡುಗ ಹಂಗೇ ಹೊಡದುಬಿಟ್ಟ, ಕೋಷ್ಟಕದ ಕಡಿ ಅಂಕಿ ಎಲ್ಲಾ ಕಟ್ ಆಗಿ ಬಂದ್ವು. ಎರಡನೇ ಸಲ ಫಿಟ್ ಟು ಪೇಜ್ ಮಾಡ್ಸಿದೆ, ಅರ್ಧಾ ರೊಕ್ಕ ಬಿಟ್ಟ ಪಾಪ. ನೀವು ಮೊದಲೇ ಹೇಳ್ರಿ.

ದಾಳದ್ದೇ ದೊಡ್ಡ ತ್ರಾಸು. ಇಡೀ ಬಜಾರ ತಿರುಗಿದ್ರೂ ಲೂಡೋ ದಾಳ ಬಿಟ್ರ ಬ್ಯಾರೆ ಇಲ್ಲ, ಇದಕ್ಕ 4, 8, 10, 12, 20 ಮುಖದ್ದೂ ಬೇಕು. ಒಂದು ತಿಂಗಳು ಚೀಟಿ ಎತ್ತಿ ಆಡೀವಿ, ಆಮ್ಯಾಲ ಆನ್‌ಲೈನ್ ತರಿಸಿದ್ವಿ. ಚೌಕಾಬಾರ ಆಡಿ ಬೆಳದೋರಿಗಿ ಕವಡಿ ಬಿಟ್ಟು ಇಪ್ಪತ್ತು ಮುಖದ ದಾಳ ಕೈಯಾಗ ಹಿಡದಾಗ ಆಗೋ ಖುಷಿನೇ ಬ್ಯಾರೆ ಬಿಡ್ರಿ.

ಆಟ ಹ್ಯಾಂಗದ? ಸೀದಾ ಸಾದಾ ಅದ, ಭಾಳ ಕ್ರೂರ ಅದ. ಆರು ಮುಖದ ಮೂರು ದಾಳ ಒಗದು ಬಂದ ಅಂಕಿ ಬಂದಂಗೇ ಬರ್ಕೋಬೇಕು, ಶಕ್ತಿ, ಬುದ್ಧಿ ಹಿಂಗ ಆರು ಗುಣ. ಜಾತಿ ಬ್ಯಾರೆ ಕಸುಬು ಬ್ಯಾರೆ (ಈ ಮಾತು ಕಲ್ಯಾಣದ ನಾಡಾಗ ಹೇಳಿದ್ರ ಎಲ್ಲಾರೂ ನಗ್ತಾರ), ಮನುಷ್ಯ, ಎಲ್ಫ್ (ಚೂಪು ಕಿವಿಯ ಮಾಯದ ಮಂದಿ), ಕುಳ್ಳ, ಹಾಫ್ಲಿಂಗ್ (ಕುಳ್ಳಗಿಂತ ಗಿಡ್ಡ ಮಂದಿ) ಇದ್ರಾಗ ಒಂದು ಆರಿಸ್ಕೋಬೇಕು, ಆಮ್ಯಾಲ ಕಾದಾಳು, ಪೂಜಾರಿ, ಮಾಂತ್ರಿಕ, ಕಳ್ಳ. ನಮ್ಮ ಕಾಕನ ಮಗ ಮಾಂತ್ರಿಕ ಆದ. ಮಾಂತ್ರಿಕನ ಜೀವ ನಾಕು ಮುಖದ ದಾಳದ ಮ್ಯಾಲ, ಬಿತ್ತು 2. ಅರ್ಧಾ ತಾಸು ಕುಂತು ಹೆಸರು, ಊರು, ಅವ್ವ ಅಪ್ಪ ಎಲ್ಲಾ ಯೋಚ್ನಿ ಮಾಡಿ ಬರದಿದ್ದ, ಮೊದಲನೇ ಕೋಣ್ಯಾಗೇ ಒಂದು ಹೆಗ್ಗಣ ಕಚ್ಚಿ ಸತ್ತುಹೋದ. ಜೀವ ಸೊನ್ನಿಗಿ ಬಂದ್ರ ಸತ್ತಂಗೇ, ಇನ್ನೊಂದು ಚಾನ್ಸ್ ಅಂತಿಲ್ಲ. ಅಂವ ಸಿಟ್ಟಿಗೆದ್ದು ಮಿರ್ಚಿ ಭಜಿ ತರ್ಲಿಕ್ಕ ಹೋದ, ವಾಪಸ್ ಬಂದು ಕಾದಾಳು ಆದ.

ಅಲ್ದೆ ಮೊದಲನೇ ಲೆವೆಲ್ಲಿನ ಮಾಂತ್ರಿಕಗ ದಿನಕ್ಕ ಒಂದೇ ಮಂತ್ರ. ಹೊಸ ಹುಡುಗರಿಗಿ ಇದು ಬ್ಯಾಸರ, ಅದಕ್ಕೇ ಒಂದು ಸ್ಟಾರ್ ಕಡಿಮಿ ಕೊಟ್ಟೀನಿ. ಉಳದದ್ದು ನಮ್ಗ ಭಾಳ ಸೇರ್ತು. ಸೇವಿಂಗ್ ಥ್ರೋ ಅಂತ ಐದು ಥರ ಅವ, ನಾವು ಅದಕ್ಕ "ಪಾರಾಗೋ ದಾಳ" ಅಂತೀವಿ, ವಿಷದಿಂದ ಪಾರಾಗೋದು, ಮಂತ್ರದಂಡದಿಂದ, ಕಲ್ಲಾಗೋದ್ರಿಂದ, ಡ್ರ್ಯಾಗನ್ ಉಸಿರಿನಿಂದ, ಮಂತ್ರದಿಂದ. ಹಿಂಗ ಕನ್ನಡದಾಗ ಹೇಳಿದ ಕೂಡ್ಲೇ ಇಂಗ್ಲಿಷ್ ಬರದ ನಮ್ಮ ತಂಗಿನೂ ಆಡ್ಲಿಕತ್ತಳು, ಈಗ ಆಕಿನೇ ಎಲ್ಲಾರಿಗಿಂತ ಮುಂದ ಅದಾಳ.

ಈಗ ಈ ಪುಸ್ತಕ ಫ್ರೀ ಯಾಕ, 4ನೇ ಎಡಿಷನ್ ಯಾಕ ಬಂತು ಅನ್ನೋ ಕಥಿ. 2000ದಾಗ ವಿಝರ್ಡ್ಸ್ ಕಂಪನಿಯೋರೇ ಓಪನ್ ಗೇಮ್ ಲೈಸೆನ್ಸ್, ಓಜಿಎಲ್, ಅಂತ ಹೊರಡಸಿದ್ರು, ನಮ್ಮ ನಿಯಮ ತಗೊಂಡು ನೀವೂ ಪುಸ್ತಕ ಮಾಡ್ರಿ ಮಾರ್ರಿ ಅಂತ. ಅವರ ಲೆಕ್ಕ ಏನಪ್ಪಾ ಅಂದ್ರ ಹೊರಗಿನೋರು ಎಷ್ಟು ಪುಸ್ತಕ ಮಾಡಿದ್ರೂ ಆಡ್ಲಿಕ್ಕ ನಮ್ಮ ಮೂಲ ಪುಸ್ತಕ ಬೇಕೇ ಬೇಕಲ್ಲ ಅಂತ. ಆಗಿದ್ದು ಥೇಟ್ ನಮ್ಮ ತೊಗರಿ ಕಥಿ. ಒಂದು ವರ್ಷ ತೊಗರಿಗಿ ರೇಟ್ ಬಂತಂದ್ರ ಮುಂದಿನ ವರ್ಷ ಎಲ್ಲಾರೂ ತೊಗರಿನೇ ಬಿತ್ತತಾರ, ರೇಟ್ ಕುಂತುಬಿಡ್ತದ. ಹಂಗೇ ಕಂಡಕಂಡೋರೆಲ್ಲಾ ಪುಸ್ತಕ ಹಾಕಿದ್ರು, 2003ರಾಗ ಕಂಪನಿ 3.5 ಅಂತ ಹೊಸ ಎಡಿಷನ್ ತಂದ ಕೂಡ್ಲೇ ಹಳೇ ನಿಯಮದ ಮಾಲು ಅಂಗಡ್ಯಾಗೇ ಉಳೀತು, ಭಾಳ ಮಂದಿ ಬಾಗಲಾ ಹಾಕಿದ್ರು. ತಡದು ನಿಂತೋರೂ ಇದ್ರು, 2008ರಾಗ ಡಿ ಅಂಡ್ ಡಿಯ 4ನೇ ಎಡಿಷನ್ನಿಗೆ ಬಿಗಿ ಲೈಸೆನ್ಸ್ ಹಾಕಿದಾಗ ಪೈಜೋ ಅನ್ನೋ ಪ್ರಕಾಶಕರು ಹಳೇ ಓಜಿಎಲ್ ಹಿಡಕೊಂಡೇ ಪಾತ್‌ಫೈಂಡರ್ ಅನ್ನೋ ಆಟ ಮಾಡಿ 2009ರಾಗ ಮೂಲ ಕಂಪನಿಗೇ ಎದುರು ನಿಂತ್ರು.

ಹೊಲದ ಮಾತೇ ಮುಂದುವರಸ್ತೀನಿ. ಇಪ್ಪತ್ತೆರಡು ವರ್ಷ ಪಾಲಿಗಿ ಮಾಡಿದ ಹೊಲ, ಒಂದಿನ ಗೌಡ ಬಂದು ಹಳೇ ಕರಾರು ನಡೆಯಂಗಿಲ್ಲ ಅಂದ್ರ ಹ್ಯಾಂಗಾಗ್ತದ? 2023ರ ಜನವರ್‍ಯಾಗ ಹೊಸ ಓಜಿಎಲ್ ಕರಡು ಲೀಕ್ ಆತು, ಹಳೇ ಲೈಸೆನ್ಸ್ ರದ್ದು ಮಾಡೋ ಮಾತು, ವರ್ಷಕ್ಕ ಏಳೂವರೆ ಲಕ್ಷ ಡಾಲರ್ ದಾಟಿದ ವ್ಯಾಪಾರದ ಮ್ಯಾಲ 25 ಪರ್ಸೆಂಟ್ ಪಾಲು, ಅದೂ ಲಾಭದ ಮ್ಯಾಲಲ್ಲ, ವ್ಯಾಪಾರದ ಮ್ಯಾಲ. ಮಂದಿ ಹೆಂಗ ಎದ್ದರಂದ್ರ ಅದೇ ತಿಂಗಳು 27ಕ್ಕ ಕಂಪನಿ ಹಿಂದ ಸರದು, ಮೂಲ ನಿಯಮಾನ ಕ್ರಿಯೇಟಿವ್ ಕಾಮನ್ಸ್‌ಗಿ, ಅಂದ್ರ ಯಾರು ಬೇಕಾದ್ರೂ ಬಳಸೋ ಲೈಸೆನ್ಸಿಗಿ, ಹಾಕ್ತು, ಅದು ಇನ್ನ ವಾಪಸ್ ತಗೊಳಂಗಿಲ್ಲ. ಆದ್ರ ಒಮ್ಮಿ ಒಡೆದ ನಂಬಿಕಿ ಬ್ಯಾರೆ. ಪೈಜೋ ತಮ್ಮದೇ ಓಆರ್‌ಸಿ ಅನ್ನೋ ಓಪನ್ ಲೈಸೆನ್ಸ್ ಮಾಡಿದ್ರು, ಕೋಬೋಲ್ಡ್ ಪ್ರೆಸ್ ಅನ್ನೋ ಇನ್ನೊಬ್ಬ ಪ್ರಕಾಶಕರು ತಮ್ಮದೇ ಆಟ ತಂದ್ರು, ಅಲ್ಲಿತನಕ ಓಜಿಎಲ್ ಮ್ಯಾಲೇ ನಿಂತಿದ್ದ ಬೇಸಿಕ್ ಫ್ಯಾಂಟಸಿಯೋರು ಓಜಿಎಲ್‌ದ ಮಾತೆಲ್ಲಾ ತಗದುಹಾಕಿ ಹೊಸದಾಗಿ ಬರದ್ರು, ಅದೇ ಈ 4ನೇ ಎಡಿಷನ್.

ನನಗ ಭಾಳ ಕೆಲಸಕ್ಕ ಬಂದದ್ದು ಅದರ ಲೈಸೆನ್ಸೇ. ಹೆಸರು ಹಾಕ್ರಿ, ನೀವು ಮಾಡಿದ್ದನ್ನೂ ಇದೇ ಶರತ್ತಿಗೆ ಮಂದಿಗಿ ಬಿಡ್ರಿ, ಮಾರೋದಿದ್ರ ಮಾರ್ರಿ, ಅಷ್ಟೇ. ಎಡಿಟ್ ಮಾಡೋ ಫೈಲ್ ಸುದ್ಧಾ ಕೊಟ್ಟಾರ, ಲಿಬ್ರೆ ಆಫೀಸ್‌ನ್ಯಾಗ ತೆರೀತದ. ನಾ ನಿಯಮದ ಸಾರ ಎರಡು ಪೇಜು ಕನ್ನಡ ಮಾಡೀನಿ, ಜೊತಿಗಿ ಬೀದರ ಕೋಟಿ ಇಟಗೊಂಡು ಒಂದು ಸಾಹಸ ಬರೀಲಿಕತ್ತೀನಿ. ಬಂಡೆಗಲ್ಲು ಕಡದು ಮಾಡಿದ ಮೂರು ಸುತ್ತಿನ ಕಂದಕ, ನೆಲದ ಕೆಳಗ ಕತ್ತಲದಾಗ ನೀರು ಹರಿಯೋ ಕರೇಜ್, ಗ್ವಾಡಿ ಮ್ಯಾಲ ಚಿಪ್ಪು ಹೊಳಿಯೋ ರಂಗೀನ್ ಮಹಲ್, ಇಂಥಾದ್ದು ಬಿಟ್ಟು ಇಂಗ್ಲೆಂಡ್ ಕೋಟಿ ಯಾರಿಗಿ ಬೇಕ್ರಿ.

ಮಾರೋದಾದ್ರ ಎಲ್ಲಿ ಅಂತ ಲೆಕ್ಕಾನೂ ಹಾಕೀನಿ. ಡಿಎಂಎಸ್ ಗಿಲ್ಡ್ ಅಂತ ಆನ್‌ಲೈನ್ ಅಂಗಡಿ ಅದ, ಅಲ್ಲಿ ಡಿ ಅಂಡ್ ಡಿ ಕಂಪನಿಯೋರ ಊರು ಪಾತ್ರ ಬಳಸಬಹುದು, ಆದ್ರ ಬರದಾಂವಗ ಅರ್ಧಾ ಪಾಲೇ, ಮತ್ತ ಬ್ಯಾರೆ ಕಡೆ ಮಾರಂಗಿಲ್ಲ. ಡ್ರೈವ್‌ಥ್ರೂ ಆರ್‌ಪಿಜಿ ಅನ್ನೋ ಇನ್ನೊಂದು ಆನ್‌ಲೈನ್ ಅಂಗಡ್ಯಾಗ ಸ್ವಂತದ್ದು ಮಾರಿದ್ರ 65, ಅವರಿಗೊಬ್ಬರಿಗೇ ಕೊಟ್ರ 70 ಪರ್ಸೆಂಟ್. ಬೀದರ ಅಂತೂ ನಮ್ಮದೇ ಊರು, ಅದಕ್ಕ ಯಾರ ಪರ್ಮಿಷನ್ನೂ ಬ್ಯಾಡ, ಹಿಂಗಾಗಿ ಎರಡನೇದೇ ಸೈ.

ಐದಕ್ಕ ನಾಕು ಸ್ಟಾರ್. ಆ ಮಾಂತ್ರಿಕಗ ಮೊದಲನೇ ಲೆವೆಲ್ಲಿಗೆ ಪೂರಾ 4 ಜೀವ ಕೊಡ್ರಿ, ನಾವೀಗ ಹಂಗೇ ಆಡ್ತೀವಿ, ಕಾಕನ ಮಗ ತಿರಗಿ ಮಾಂತ್ರಿಕ ಆಗ್ಯಾನ.