ಆಯಿಲ್ ಲೀಕ್ ಹುಡುಕುವ ಯುವಿ ಡೈ ಕಿಟ್: ಮೂರು ವರ್ಷ ಬಳಸಿದ ಮೇಲೆ

ನನ್ನ ಕಾರಿಗೆ ಈಗ 17 ವರ್ಷ. ಮೂರು ವರ್ಷದ ಹಿಂದೆ, ರಾತ್ರಿ ನಿಲ್ಲಿಸಿದ ಜಾಗದಲ್ಲಿ ಬೆಳಿಗ್ಗೆ ಎರಡು ಮೂರು ಕರಿ ಚುಕ್ಕೆ ಕಾಣಿಸತೊಡಗಿದವು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಹೆಚ್ಚೇನೂ ಇಳಿದಿರಲಿಲ್ಲ. ಗ್ಯಾರೇಜಿನಲ್ಲಿ ಕಾರು ಎತ್ತಿ ನೋಡಿ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಕಡೆ ಒದ್ದೆಯಾಗಿದ್ದುದನ್ನು ತೋರಿಸಿ, "ಕ್ರ್ಯಾಂಕ್‌ನ ಹಿಂದಿನ ಸೀಲ್ ಹೋಗಿದೆ, ಗೇರ್‌ಬಾಕ್ಸ್ ಇಳಿಸಬೇಕು" ಅಂದರು. ಸೀಲ್ ಅಂದರೆ ಎಂಜಿನ್ನಿನಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಸುತ್ತ ಆಯಿಲ್ ತಡೆಯುವ ಒಂದು ರಬ್ಬರ್ ಬಳೆ ಅಷ್ಟೆ. ಆದರೆ ಅದರ ಹತ್ತಿರ ಕೈ ಹೋಗಬೇಕಾದರೆ ಗೇರ್‌ಬಾಕ್ಸ್, ಕ್ಲಚ್, ಫ್ಲೈವೀಲ್ ಎಲ್ಲ ಬಿಚ್ಚಬೇಕು. ಅಷ್ಟು ದೊಡ್ಡ ಕೆಲಸಕ್ಕೆ ಒಪ್ಪುವ ಮೊದಲು ಕಣ್ಣಾರೆ ನೋಡಬೇಕು ಅನ್ನಿಸಿ ಈ ಕಿಟ್ ತರಿಸಿದೆ.

ಕಿಟ್‌ನಲ್ಲಿರುವುದು ಮೂರೇ: ಡೈ (ಹೊಳೆಯುವ ಬಣ್ಣ) ತುಂಬಿದ ಚಿಕ್ಕ ಬಾಟಲಿ, ಯುವಿ (ಅತಿನೇರಳೆ ಬೆಳಕಿನ) ಟಾರ್ಚ್, ಹಳದಿ ಕನ್ನಡಕ. ಆಯಿಲ್ ಹಾಕುವ ಬಾಯಿಯಲ್ಲೇ ಡೈ ಸುರಿದರೆ ಆಯಿಲ್ ಜೊತೆ ಬೆರೆತು, ಅದು ಹೊರಬಂದ ಕಡೆಯೆಲ್ಲ ಟಾರ್ಚ್ ಬೆಳಕಿಗೆ ಹಸಿರು ಹಳದಿಯಾಗಿ ಹೊಳೆಯುತ್ತದೆ. ಆದರೆ ಅರ್ಧ ಕೆಲಸ ನಡೆಯುವುದು ಡೈ ಹಾಕುವ ಮೊದಲೇ. ತಣ್ಣಗಿರುವ ಎಂಜಿನ್ನಿಗೆ ಜಿಡ್ಡು ಕರಗಿಸುವ ಡಿಗ್ರೀಸರ್ ಹೊಡೆದು, ಆಲ್ಟರ್ನೇಟರಿಗೂ ವೈರ್ ಕನೆಕ್ಟರುಗಳಿಗೂ ಪ್ಲಾಸ್ಟಿಕ್ ಕವರ್ ಕಟ್ಟಿ, ಹಳೇ ಜಿಡ್ಡನ್ನೆಲ್ಲ ಬ್ರಷ್‌ನಿಂದ ಉಜ್ಜಿ ತೆಗೆಯಬೇಕು. ನನಗೆ ಒಂದು ಮಧ್ಯಾಹ್ನ ಪೂರ್ತಿ ಹಿಡಿಯಿತು. ಇದನ್ನು ಬಿಟ್ಟರೆ ಕಿಟ್ ತಂದದ್ದೇ ದಂಡ.

ಕತ್ತಲಾದ ಮೇಲೆ 15 ನಿಮಿಷ ಎಂಜಿನ್ ಓಡಿಸಿ, ಆಫ್ ಮಾಡಿ, ಟಾರ್ಚ್ ಹಿಡಿದೆ. ಗೇರ್‌ಬಾಕ್ಸ್ ಕೂಡುವ ಕಡೆ ಏನೂ ಇಲ್ಲ. ಮರುದಿನ ಸ್ವಲ್ಪ ದೂರ ಓಡಿಸಿ ಬಂದು ಮತ್ತೆ ನೋಡಿದೆ. ಎಂಜಿನ್ನಿನ ಮೇಲ್ಮುಚ್ಚಳವಾದ ಟ್ಯಾಪೆಟ್ ಕವರಿನ ಹಿಂಬದಿಯ ಮೂಲೆಗೆ ಕಣ್ಣು ಹೋಗುವುದಿಲ್ಲ, ಅಲ್ಲಿಗೊಂದು ಚಿಕ್ಕ ಕನ್ನಡಿ ಹಿಡಿದೆ. ಕವರಿನಡಿಯ ರಬ್ಬರ್ ಪ್ಯಾಕಿಂಗ್ ಅಂಚಿನಿಂದ ದಾರದಷ್ಟು ತೆಳುವಾದ ಹಸಿರು ಗೆರೆ ಹೊರಟು, ಬ್ಲಾಕಿನ ಉಬ್ಬುಗಳನ್ನು ಬಳಸಿಕೊಂಡು, ನೇರ ಗೇರ್‌ಬಾಕ್ಸಿನ ನೆತ್ತಿಗೆ ಇಳಿದಿತ್ತು. ಆಯಿಲ್ ಕೆಳಗೆ ಹರಿಯುತ್ತದೆ, ಕಾರು ಓಡುವಾಗ ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ. ಹಾಗಾಗಿ ತೊಟ್ಟಿಕ್ಕುವ ಜಾಗ ಯಾವತ್ತೂ ಸಾಕ್ಷಿಯಲ್ಲ. ಎಲ್ಲಕ್ಕಿಂತ ಮೇಲೆ, ಎಲ್ಲಕ್ಕಿಂತ ಮುಂದೆ ಒದ್ದೆಯಾಗಿರುವುದು ಎಲ್ಲಿ ಅಂತ ನೋಡಬೇಕು.

ಹಳೇ ಪ್ಯಾಕಿಂಗ್ ಬಿಚ್ಚಿದಾಗ ರಬ್ಬರಿನ ಗುಣವೇ ಉಳಿದಿರಲಿಲ್ಲ. ಬಗ್ಗಿಸಿದರೆ ಪಟಕ್ಕನೆ ಮುರಿಯಿತು. ಕವರ್ ಮತ್ತು ಹೆಡ್ (ಎಂಜಿನ್ನಿನ ಮೇಲ್ಭಾಗ) ಕೂಡುವ ಎರಡೂ ಮುಖವನ್ನು ಒಣಬಟ್ಟೆಯಲ್ಲಿ ಒರೆಸಿ, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟನ್ನು ಹಿಡಿದಿಡುವ ಕ್ಯಾಪ್ ಹೆಡ್ಡಿಗೆ ಕೂರುವ ಮೂಲೆಗಳಲ್ಲಿ ಮಾತ್ರ ಚಿಟಿಕೆಯಷ್ಟು ಸಿಲಿಕೋನ್ ಸೀಲಂಟ್ ಹಚ್ಚಿ, ಹೊಸದನ್ನು ಕೂರಿಸಿದೆ. ಬೋಲ್ಟ್‌ಗಳನ್ನು ನಡುವಿನಿಂದ ಹೊರಗೆ, ಎರಡು ಮೂರು ಸುತ್ತಿನಲ್ಲಿ, ಟಾರ್ಕ್ ರೆಂಚ್‌ನಿಂದಲೇ ಬಿಗಿ ಮಾಡಿ. ನನ್ನ ಎಂಜಿನ್ನಿನ ಮ್ಯಾನುಯಲ್‌ನಲ್ಲಿ ಬರೆದಿದ್ದು 10 ನ್ಯೂಟನ್ ಮೀಟರ್, ಅಂದರೆ ಬಹಳ ಕಡಿಮೆ. ಲೀಕ್ ನಿಲ್ಲಲಿ ಅಂತ ಜೋರಾಗಿ ತಿರುಗಿಸಿದರೆ ಪ್ಯಾಕಿಂಗ್ ಹಿಂಡಿಹೋಗಿ, ಕವರ್ ಸೊಟ್ಟಗಾಗಿ, ಲೀಕ್ ಹೆಚ್ಚಾಗುತ್ತದೆ.

ಎರಡನೇ ವರ್ಷ ಮುಂದಿನ ಕ್ಯಾಮ್ ಸೀಲ್ ಸುತ್ತ ಹಸಿರು ಕಂಡಿತು. ಸೀಲ್ ಬದಲಿಸುವ ಮೊದಲು ಎಂಜಿನ್ನಿನ ಒಳಗಿನ ಗಾಳಿ ಹೊರಬಿಡುವ ಪಿಸಿವಿ ವಾಲ್ವ್ ಬಿಚ್ಚಿ ಅಲ್ಲಾಡಿಸಿದೆ. ಚೆನ್ನಾಗಿರುವುದು ಕಟಕಟ ಅನ್ನಬೇಕು, ನನ್ನದು ಮಸಿಯಲ್ಲಿ ಕಚ್ಚಿಕೊಂಡು ಸುಮ್ಮನಿತ್ತು. ಅದು ಮುಚ್ಚಿಹೋದರೆ ಎಂಜಿನ್ನಿನ ಒಳಗಿನ ಒತ್ತಡ ಹೋಗಲು ದಾರಿಯಿಲ್ಲದೆ ಸೀಲ್‌ಗಳ ಸಂದಿಯಿಂದ ಆಯಿಲನ್ನು ಹೊರಗೆ ದೂಡುತ್ತದೆ. ವಾಲ್ವ್ ಹೊಸದು ಹಾಕಿ, ತೊಳೆದು, ಮತ್ತೆ ನೋಡಿದರೆ ಕ್ಯಾಮ್ ಸೀಲ್ ಒಣಗಿತ್ತು. ಹಳೇ ಗಾಡಿಯಲ್ಲಿ ಒಂದಾದ ಮೇಲೊಂದು ಸೀಲ್ ಜಿನುಗುತ್ತಿದ್ದರೆ ಮೊದಲು ಇದನ್ನೇ ನೋಡಿ ಅಂತ ಕೈಮುಗಿದು ಹೇಳುತ್ತೇನೆ.

ಕಿಟ್‌ನ ಕೊರತೆಯೂ ಇದೆ. ಟಾರ್ಚ್ ಬೆಳಕು ಸಾಲದು, ನೇರಳೆ ಛಾಯೆ ಹೆಚ್ಚಾಗಿ ಸಣ್ಣ ಜಿನುಗು ಮರೆಯಾಗುತ್ತದೆ. ಆಮೇಲೆ 365 ನ್ಯಾನೋಮೀಟರ್ ತರಂಗಾಂತರದ ಬೇರೆ ಯುವಿ ಟಾರ್ಚ್ ತಗೊಂಡೆ, ವ್ಯತ್ಯಾಸ ಎದ್ದು ಕಾಣುತ್ತದೆ. ಒಮ್ಮೆ ಹೊರಬಂದ ಡೈ ತೊಳೆಯುವವರೆಗೂ ಹೊಳೆಯುತ್ತಲೇ ಇರುತ್ತದೆ, ರಿಪೇರಿ ಆದ ಮೇಲೆ ಒರೆಸದಿದ್ದರೆ ಲೀಕ್ ನಿಂತಿಲ್ಲ ಅನ್ನಿಸುತ್ತದೆ. ಕೆಲವು ಕೂಲಂಟ್‌ಗಳೂ ತಾವಾಗಿಯೇ ಹೊಳೆಯುತ್ತವೆ, ಬೆರಳಲ್ಲಿ ಮುಟ್ಟಿ ಜಿಡ್ಡೋ ಅಲ್ಲವೋ ನೋಡಿ. ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತಿದ್ದರೆ ಅದು ಒಳಗೆ ಆಯಿಲ್ ಸುಡುವ ತೊಂದರೆ, ಅದಕ್ಕೆ ಈ ಕಿಟ್ ಉಪಯೋಗವಿಲ್ಲ. ಬಿಸಿ ಎಕ್ಸಾಸ್ಟ್ ಮೇಲೆ ಆಯಿಲ್ ಬಿದ್ದು ಸುಟ್ಟ ವಾಸನೆ ಬರುತ್ತಿದ್ದರೆ ಡೈ ಹಾಕಿ ದಿನ ಕಾಯಬೇಡಿ, ಬೆಂಕಿಯ ಅಪಾಯವಿದೆ, ತಕ್ಷಣ ತೋರಿಸಿ.

ಗೇರ್‌ಬಾಕ್ಸ್ ಇವತ್ತಿನವರೆಗೂ ಇಳಿಸಿಲ್ಲ. ಹೋದ ವಾರ ನೋಡಿದಾಗ ಒಂದೇ ಕಡೆ ಹಸಿರು ಕಂಡಿತು, ಆಯಿಲ್ ಪ್ರೆಷರ್ ಸ್ವಿಚ್ಚಿನ ಬುಡದಲ್ಲಿ. ಹೊಸ ಸ್ವಿಚ್ ತಂದಿದ್ದೇನೆ, ಈ ಭಾನುವಾರ ಹಾಕುತ್ತೇನೆ.