ಚೈನ್ ಗಾಡಿ ಮಾರಿ ಮತ್ತೆ ಟೈರ್ ಗಾಡಿಗೆ ಬಂದೆ: ಎರಡನ್ನೂ ಓಡಿಸಿದ ಮೇಲಿನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ಟೈರ್ ಗಾಡಿಗೆ. ನಮ್ಮ ಕಡೆ ಜೆಸಿಬಿ ಅಂತ ಕರೆಯುವುದು ಅದನ್ನೇ. ಮುಂದೆ ಲೋಡರ್, ಹಿಂದೆ ಅಗೆಯುವ ಬಕೆಟ್ ಇದ್ದರೆ ಸಾಕು, ಯಾವ ಕಂಪನಿ ಮಾಡಿದ್ದರೂ ಅದು ಜೆಸಿಬಿ. ಹಾಗೇ ಟೈರಿನ ಬದಲು ಕಬ್ಬಿಣದ ಚೈನ್ ಮೇಲೆ ನಡೆಯುವ, ಅಗೆಯುವ ಗಾಡಿಯೆಲ್ಲ ಹಿಟಾಚಿ. ಆದ್ದರಿಂದ ಇಲ್ಲಿ ಕಂಪನಿಗಳ ಮಾತು ಬೇಡ. ಟೈರ್ ಗಾಡಿ ಒಂದು ಕಡೆ, ಏಳು ಟನ್ನಿನ ಚಿಕ್ಕ ಚೈನ್ ಗಾಡಿ ಇನ್ನೊಂದು ಕಡೆ. ತೂಕದಲ್ಲಿ ಎರಡೂ ಹೆಚ್ಚು ಕಡಿಮೆ ಒಂದೇ. ಸೆಕೆಂಡ್ ಹ್ಯಾಂಡ್ ಬೆಲೆಯಲ್ಲೂ ಹತ್ತಿರ ಹತ್ತಿರ. ಅದಕ್ಕೇ ಸ್ವಂತ ಗಾಡಿ ಮಾಡಿಕೊಳ್ಳಬೇಕು ಅನ್ನುವ ಆಪರೇಟರ್‌ಗಳು ಇವೆರಡರ ಮಧ್ಯೆಯೇ ಒದ್ದಾಡುವುದು. ನಾನೂ ಒದ್ದಾಡಿದ್ದೇನೆ.

ನಮ್ಮೂರು ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿದೆ. 2009ರಲ್ಲಿ ಹೆಲ್ಪರ್ ಆಗಿ ಸೇರಿದೆ. ಗ್ರೀಸ್ ಗನ್ ಹಿಡಿದುಕೊಂಡೇ ಎರಡು ವರ್ಷ ಕಳೆದೆ, ಆಮೇಲೆ ಸೀಟಿಗೆ ಕೂತೆ. 2016ರಲ್ಲಿ ಸಾಲ ಮಾಡಿ ಹಳೇ ಟೈರ್ ಗಾಡಿ ತಗೊಂಡೆ. ಆರು ವರ್ಷ ಅದು ನಮ್ಮ ಮನೆ ನಡೆಸಿತು. 2022ರ ಕೊನೆಯಲ್ಲಿ ಅದನ್ನು ಮಾರಿ ಚೈನ್ ಗಾಡಿ ತಂದೆ. ಹದಿನಾಲ್ಕು ತಿಂಗಳು ಓಡಿಸಿ ಅದನ್ನೂ ಮಾರಿದೆ, ನಷ್ಟದಲ್ಲಿ. ಈಗ ಮತ್ತೆ ಟೈರ್ ಗಾಡಿ.

ಚೈನ್ ಗಾಡಿ ತರುವ ಮನಸ್ಸು ಯಾಕೆ ಬಂತು ಅನ್ನುವುದನ್ನೂ ಹೇಳಬೇಕು. 2022ರ ಮಳೆ ನಿಮಗೆ ನೆನಪಿರಬಹುದು. ಹಿರಿಯೂರಿನ ಹತ್ತಿರದ ವಾಣಿವಿಲಾಸ ಸಾಗರ 1933ರ ಮೇಲೆ ಮೊದಲ ಸಲ ಕೋಡಿ ಬಿದ್ದದ್ದು ಆ ವರ್ಷವೇ. ನಮ್ಮ ಕಡೆ ಅಡಿಕೆ ತೋಟಗಳಲ್ಲಿ ನೀರು ನಿಂತು ಬಸಿಗಾಲುವೆ ತೆಗೆಸುವವರು ಸಾಲುಗಟ್ಟಿದ್ದರು. ನನ್ನ ಟೈರ್ ಗಾಡಿ ಎರೆಹೊಲಕ್ಕೆ ಇಳಿದರೆ ಹೂತುಕೊಳ್ಳುತ್ತಿತ್ತು. ಮುಂದಿನ ಬಕೆಟ್ ಊರಿ ಮುಂಗಾಲು ಎತ್ತಬೇಕು, ಹಿಂದಿನ ಬಕೆಟ್ಟಿನಿಂದ ನೆಲ ಒತ್ತಿ ಇಷ್ಟಿಷ್ಟೇ ತಳ್ಳಿಕೊಂಡು ಮೇಲೆ ಬರಬೇಕು. ಒಂದು ಗಂಟೆ ಕೆಲಸಕ್ಕೆ ಅರ್ಧ ಗಂಟೆ ಇದರಲ್ಲೇ ಹೋಗುತ್ತಿತ್ತು, ಆ ಅರ್ಧ ಗಂಟೆಗೆ ರೈತನ ಹತ್ತಿರ ದುಡ್ಡು ಕೇಳಲು ಬಾಯಿ ಬರುವುದಿಲ್ಲ ಅಲ್ವಾ. ಅದೇ ಕೆಸರಲ್ಲಿ ಪಕ್ಕದ ಹೊಲದಲ್ಲಿ ಯಾರದೋ ಚೈನ್ ಗಾಡಿ ರಸ್ತೆ ಮೇಲೆ ಹೋದ ಹಾಗೆ ಹೋಗುತ್ತಿತ್ತು. ನೋಡಿ ನೋಡಿ ತಲೆಗೆ ಹತ್ತಿಬಿಟ್ಟಿತು.

ಅಗೆಯುವ ಕೆಲಸದಲ್ಲಿ ಚೈನ್ ಗಾಡಿಗೆ ಸಾಟಿಯಿಲ್ಲ, ಅದನ್ನು ನಾನು ಒಪ್ಪುತ್ತೇನೆ. ಕಾಲುವೆ ತೆಗೆಯುವಾಗ ಟೈರ್ ಗಾಡಿಯಲ್ಲಿ ಎರಡೂ ಕಡೆ ಜಾಕ್, ಅಂದರೆ ಗಾಡಿ ಅಲುಗದ ಹಾಗೆ ಹಿಡಿಯುವ ಕಬ್ಬಿಣದ ಕಾಲು, ಇಳಿಸಬೇಕು, ಅಗೆಯಬೇಕು, ಜಾಕ್ ಎತ್ತಬೇಕು, ಸರಿಯಬೇಕು, ಮತ್ತೆ ಇಳಿಸಬೇಕು. ಚೈನ್ ಗಾಡಿಯಲ್ಲಿ ಆ ರಗಳೆಯೇ ಇಲ್ಲ. ಅಗೆಯುತ್ತಾ ಹಿಂದೆ ಹಿಂದೆ ಹೋಗುತ್ತಿರುವುದು, ಅಷ್ಟೇ. ಮಣ್ಣು ಯಾವ ಕಡೆ ಬೇಕೋ ಆ ಕಡೆ ಪೂರ್ತಿ ತಿರುಗಿ ಹಾಕಬಹುದು. ಟೈರ್ ಗಾಡಿಯ ಬೂಮ್, ಅಂದರೆ ಅಗೆಯುವ ಬಕೆಟ್ ಹೊತ್ತ ಉದ್ದನೆಯ ಕೈ, ಹಿಂದುಗಡೆ ಅರ್ಧ ಸುತ್ತು ಮಾತ್ರ ತಿರುಗುತ್ತದೆ. ಮೊದಲ ಮೂರು ತಿಂಗಳು ನಾನು ಬಹಳ ಖುಷಿಯಲ್ಲಿದ್ದೆ.

ಆಮೇಲೆ ಶುರುವಾಯಿತು ನೋಡಿ ಸಾಗಿಸುವ ಕಷ್ಟ.

ಟೈರ್ ಗಾಡಿ ರಸ್ತೆಯಲ್ಲಿ ಮೂವತ್ತೈದು ನಲವತ್ತರ ವೇಗದಲ್ಲಿ ಹೋಗುತ್ತದೆ. ಬೆಳಿಗ್ಗೆ ಒಂದು ಊರಲ್ಲಿ ಪಾಯ ತೆಗೆದು, ಮಧ್ಯಾಹ್ನ ಹತ್ತು ಕಿಲೋಮೀಟರ್ ಆಚೆ ಗೊಬ್ಬರ ತುಂಬಿ, ಸಂಜೆ ಬರುವಾಗ ದಾರಿಯಲ್ಲಿ ಇನ್ಯಾರದೋ ಹೊಲದ ಬದು ಸರಿಮಾಡಿ ಮನೆಗೆ ಬಂದು ಊಟ ಮಾಡಬಹುದು. ಚೈನ್ ಗಾಡಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತದೆ. ಅದಕ್ಕಿಂತ ನಾವೇ ಜೋರಾಗಿ ನಡೆಯುತ್ತೇವೆ. ಅದನ್ನೂ ಒಂದೇ ಸಮ ನಡೆಸುವ ಹಾಗಿಲ್ಲ, ಚೈನ್ ಒಳಗಿನ ಉರುಳೆಗಳು, ಅಂದರೆ ರೋಲರ್, ಬಿಸಿಯಾಗುತ್ತವೆ, ಚೈನ್ ಎಳೆಯುವ ಮೋಟಾರ್ ಕಾಯುತ್ತದೆ, ನಡುನಡುವೆ ನಿಲ್ಲಿಸಿ ಆರಲು ಬಿಡಬೇಕು. ಟಾರ್ ರಸ್ತೆ ಬಂತೆಂದರೆ ರಸ್ತೆ ಕಿತ್ತುಹೋಗುತ್ತದೆ, ಊರವರು ಬೈಯುತ್ತಾರೆ, ಬೈಯುವುದರಲ್ಲಿ ತಪ್ಪೂ ಇಲ್ಲ. ಬರೀ ರಸ್ತೆ ದಾಟಲು ನಾಲ್ಕು ಹಳೇ ಟೈರ್ ಜೊತೆಯಲ್ಲಿ ಇಟ್ಟುಕೊಂಡಿದ್ದೆ. ಮುಂದೆ ಹಾಸುವುದು, ಹತ್ತಿಸುವುದು, ಹಿಂದಿನದನ್ನು ಹೆಲ್ಪರ್ ತಂದು ಮತ್ತೆ ಮುಂದೆ ಹಾಸುವುದು. ಚೈನಿಗೆ ರಬ್ಬರ್ ಪ್ಯಾಡ್ ಕೂರಿಸಿಕೊಳ್ಳಬಹುದು, ಆದರೆ ಅದು ರಸ್ತೆ ಉಳಿಸುತ್ತದೆ, ವೇಗ ಕೊಡುವುದಿಲ್ಲ.

ಹಾಗಾಗಿ ಲಾರಿ ಬೇಕೇ ಬೇಕು. ಈಗ ಲೆಕ್ಕ ನೋಡಿ. ನನಗೆ ಸಿಗುತ್ತಿದ್ದ ಬಾಡಿಗೆ ಗಂಟೆಗೆ 1,300 ರೂಪಾಯಿ. ಎರಡು ಗಂಟೆ ಕೆಲಸಕ್ಕೆ 2,600. ಹತ್ತಿರದ ಊರಿಗೇ ಲಾರಿ ಒಂದು ಟ್ರಿಪ್‌ಗೆ ಮೂರು ಸಾವಿರ ಕೇಳುತ್ತಿದ್ದರು. ವಾಪಸ್ ಬರಲು ಇನ್ನೊಂದು ಟ್ರಿಪ್. ಎರಡು ಗಂಟೆ ಕೆಲಸಕ್ಕೆ ಯಾವ ರೈತ ಲಾರಿ ಬಾಡಿಗೆ ಕೊಡುತ್ತಾನೆ ಹೇಳಿ. ಒಂದೇ ಊರಲ್ಲಿ ನಾಲ್ಕೈದು ಜನರ ಕೆಲಸ ಕೂಡಿಸಿಕೊಂಡು ಹೋಗೋಣ ಅಂತ ನೋಡಿದೆ. ಒಬ್ಬನಿಗೆ ಇವತ್ತೇ ಬೇಕು, ಇನ್ನೊಬ್ಬನಿಗೆ ಮುಂದಿನ ವಾರ. ನಾನು ಕೂಡಿಸುವಷ್ಟರಲ್ಲಿ ಅವರಲ್ಲಿ ಇಬ್ಬರು ಟೈರ್ ಗಾಡಿ ಕರೆಸಿ ಮುಗಿಸಿಬಿಟ್ಟಿರುತ್ತಿದ್ದರು.

2022ರಲ್ಲಿ ಇದು ಅಷ್ಟಾಗಿ ಗೊತ್ತಾಗಲಿಲ್ಲ. ಒಂದು ತೋಟಕ್ಕೆ ಇಳಿದರೆ ನಾಲ್ಕು ದಿನ ಅಲ್ಲೇ ಕೆಲಸ ಇರುತ್ತಿತ್ತು. 2023ರಲ್ಲಿ ಬರ ಬಿತ್ತು. ಬಸಿಗಾಲುವೆ ಕೇಳುವವರೇ ಇಲ್ಲ. ಎಲ್ಲರೂ ಬೋರ್ ಕೊರೆಸುವವರೇ. ಹೊಸ ಬೋರಿನಿಂದ ತೋಟಕ್ಕೆ ಪೈಪ್ ಹೂಳಲು ಕಾಲುವೆ ಬೇಕು, ಅದು ಒಂದು ಗಂಟೆ, ಒಂದೂವರೆ ಗಂಟೆ ಕೆಲಸ, ಇವತ್ತು ಒಂದು ಊರು ನಾಳೆ ಇನ್ನೊಂದು ಊರು. ಅಂಥ ಕೆಲಸ ಚೈನ್ ಗಾಡಿಗೆ ದಕ್ಕುವುದಿಲ್ಲ. ಮಳೆಗಾಲ ನೋಡಿ ತಂದ ಗಾಡಿ ಬರಗಾಲದಲ್ಲಿ ಮನೆ ಮುಂದೆ ನಿಂತಿತು, ಸಾಲದ ಕಂತು ಮಾತ್ರ ನಿಲ್ಲಲಿಲ್ಲ.

ಜಗಳೂರು ಕಡೆಯ ಒಂದು ಹೊಲದ ಕಥೆ ಹೇಳದಿದ್ದರೆ ನನಗೆ ಸಮಾಧಾನ ಆಗುವುದಿಲ್ಲ. ನವೆಂಬರ್ ತಿಂಗಳು. ಪೈಪ್‌ಲೈನ್ ಕೆಲಸ ಸ್ವಲ್ಪ ಉದ್ದದ್ದೇ ಇತ್ತು, ಒಂದು ದಿನ ಪೂರ್ತಿ ಆಯಿತು, ಅದಕ್ಕೇ ಒಪ್ಪಿಕೊಂಡಿದ್ದೆ. ಕೆಲಸ ಮುಗಿದ ಸಂಜೆ ಲಾರಿಯವನಿಗೆ ಫೋನ್ ಮಾಡಿದರೆ, ಮೆಕ್ಕೆಜೋಳದ ಸೀಸನ್ ಅಣ್ಣಾ, ದಾವಣಗೆರೆ ಮಾರ್ಕೆಟ್ಟಿಗೆ ಲೋಡು ಹೊಡೀತಿದೀನಿ, ನಾಳೆ ಬರ್ತೀನಿ ಅಂದ. ಆ ನಾಳೆ ನಾಲ್ಕನೇ ದಿನಕ್ಕೆ ಬಂತು. ಬೇರೆ ಲಾರಿಯೂ ಸಿಗಲಿಲ್ಲ. ಗಾಡಿ ಹೊಲದ ನಡುವೆ ನಿಂತಿದೆ, ಡೀಸೆಲ್ ಕದಿಯುತ್ತಾರೆ, ಬ್ಯಾಟರಿ ಬಿಚ್ಚಿಕೊಂಡು ಹೋಗುತ್ತಾರೆ ಅನ್ನುವ ಭಯ. ಹೆಲ್ಪರ್‌ನನ್ನು ಊರಿಗೆ ಕಳಿಸಿ ನಾನೇ ಮೂರು ರಾತ್ರಿ ಕ್ಯಾಬಿನ್ನಿನಲ್ಲಿ ಕಾಲು ಮಡಚಿ ಮಲಗಿದೆ.

ಹೊಲದ ಯಜಮಾನರು ವಯಸ್ಸಾದವರು, ಒಳ್ಳೆಯವರು. ಮೊದಲ ಎರಡು ದಿನ ಮನೆಯಿಂದ ರೊಟ್ಟಿ ಕಳಿಸಿದರು. ಮೂರನೇ ದಿನ ಬಂದು ಬದುವಿನ ಮೇಲೆ ಕೂತು, "ಯಾವಾಗ ಒಯ್ತೀಯಪ್ಪಾ ಇದನ್ನ? ಕಡ್ಲೆ ಬಿತ್ಬೇಕು, ಹದ ಹೋಗ್ತೈತಿ" ಅಂದರು. "ನಾಳೆ ಹೋಗುತ್ತೆ ಗೌಡ್ರೇ" ಅಂದೆ. ಅವರು ಏನೂ ಹೇಳದೆ ಎದ್ದು ಹೋದರು. ಇದ್ದಬದ್ದ ಹಸಿಯಲ್ಲಿ ಬಿತ್ತಬೇಕಾದ ಹೊತ್ತಲ್ಲಿ ಅವರ ಹೊಲಕ್ಕೆ ನನ್ನ ಗಾಡಿ ಅಡ್ಡ ನಿಂತಿತ್ತು. ಲಾರಿ ಬಂದ ಮೇಲೆ ಅರ್ಧ ದಿನದ ಬಾಡಿಗೆ ಬೇಡ ಅಂತ ಬಿಟ್ಟು ಬಂದೆ. ಆ ಕೆಲಸದಲ್ಲಿ ನನ್ನ ಕೈಗೆ ಉಳಿದದ್ದು ಡೀಸೆಲ್ ಕಾಸು ಮಾತ್ರ. ಗಾಡಿ ಮಾರಬೇಕು ಅಂತ ಮನಸ್ಸು ಮಾಡಿದ್ದು ಅವತ್ತು ಲಾರಿಯ ಹಿಂದೆ ಬೈಕಲ್ಲಿ ಬರುವಾಗಲೇ.

ಲಾರಿ ಹತ್ತಿಸುವುದು ಇನ್ನೊಂದು ಅಪಾಯ. ಹಳ್ಳಿಯಲ್ಲಿ ರ‍್ಯಾಂಪ್ ಇರುವ ಟ್ರೈಲರ್ ಎಲ್ಲಿ ಬರುತ್ತದೆ? ಒಂದು ಮಣ್ಣಿನ ದಿನ್ನೆ ಹುಡುಕಿ, ಲಾರಿ ಹಿಂಭಾಗ ಅದಕ್ಕೆ ತಾಗಿಸಿ ಹತ್ತಿಸಬೇಕು. ದಿನ್ನೆ ಇಲ್ಲದ ಕಡೆ ಕೆಲವರು ಬಕೆಟ್ಟನ್ನು ಲಾರಿ ಮೇಲೆ ಊರಿ ಗಾಡಿಯನ್ನು ತನ್ನಷ್ಟಕ್ಕೆ ಎತ್ತಿಸಿಕೊಂಡು ಹತ್ತಿಸುತ್ತಾರೆ. ನಾನೂ ಎರಡು ಸಲ ಮಾಡಿದ್ದೇನೆ. ಎರಡನೇ ಸಲ ಮಳೆ ಹನಿ ಬಿದ್ದು ಲಾರಿಯ ತಗಡು ಜಾರುತ್ತಿತ್ತು, ಚೈನ್ ಒಂದು ಗೇಣು ಪಕ್ಕಕ್ಕೆ ಸರಿಯಿತು. ಏಳು ಟನ್ ಕಬ್ಬಿಣ. ಕೆಳಗೆ ಹೆಲ್ಪರ್ ಹುಡುಗ ನಿಂತಿದ್ದ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ, ಆ ದಿನದ ಬಾಡಿಗೆ ಹೋದರೆ ಹೋಗಲಿ.

ಕೈ ಪಳಗುವ ವಿಷಯ. ನನ್ನ ಹಳೇ ಟೈರ್ ಗಾಡಿಯ ಲಿವರ್ ಗಟ್ಟಿ, ಸಂಜೆ ಹೊತ್ತಿಗೆ ಮುಂಗೈ ನೋಯುತ್ತಿತ್ತು. ಚೈನ್ ಗಾಡಿಯ ಜಾಯ್‌ಸ್ಟಿಕ್ ಬೆರಳಲ್ಲಿ ಆಡುತ್ತದೆ. ಆದರೆ ಯಾವ ಲಿವರ್ ಯಾವುದನ್ನು ಎತ್ತುತ್ತದೆ ಅನ್ನುವುದು ಎರಡರಲ್ಲೂ ಒಂದೇ ಇರಲಿಲ್ಲ. ಹತ್ತು ವರ್ಷ ಒಂದಕ್ಕೆ ಪಳಗಿದ ಕೈ ಅವಸರದಲ್ಲಿ ಹಳೇದನ್ನೇ ಮಾಡುತ್ತದೆ. ಮೊದಲ ವಾರ ಬೂಮ್ ಇಳಿಸಲು ಹೋಗಿ ತೋಳು ಚಾಚಿಬಿಟ್ಟೆ, ಪಕ್ಕದಲ್ಲಿ ಕರೆಂಟ್ ಕಂಬ ಇತ್ತು, ತಾಗಲಿಲ್ಲ ಅನ್ನುವುದು ನನ್ನ ಪುಣ್ಯ. ಗಾಡಿ ಬದಲಿಸುವವರು ಖಾಲಿ ಹೊಲದಲ್ಲಿ ಎರಡು ದಿನ ಸುಮ್ನೆ ಮಣ್ಣು ಆಡಿಸಿ, ಆಮೇಲೆ ಕೆಲಸಕ್ಕೆ ಇಳಿಯಿರಿ. ಚೈನ್ ಗಾಡಿಯ ಹಿಂಭಾಗವೂ ತಿರುಗುತ್ತದೆ ಅನ್ನುವುದು ತಲೆಯಲ್ಲಿರಲಿ. ಗೋಡೆ ಪಕ್ಕ ನಿಂತ ಹೆಲ್ಪರ್ ನಡುವೆ ಸಿಕ್ಕಿಕೊಂಡರೆ ಮುಗಿಯಿತು.

ಕುತ್ತಿಗೆ, ಬೆನ್ನು: ಚೈನ್ ಗಾಡಿಯಲ್ಲಿ ಆರಾಮ, ಕೆಲಸ ಯಾವಾಗಲೂ ಮುಖದ ಮುಂದೆಯೇ ಇರುತ್ತದೆ. ಟೈರ್ ಗಾಡಿ ಹಾಳು ರಸ್ತೆಯಲ್ಲಿ ಕುಣಿಸುತ್ತದೆ.

ಡೀಸೆಲ್: ನನಗೆ ವ್ಯತ್ಯಾಸ ಕಾಣಲಿಲ್ಲ. ಎರಡೂ ಗಂಟೆಗೆ ಐದು ಲೀಟರ್ ಆಚೀಚೆ.

ಖರ್ಚು: ಟೈರ್ ಗಾಡಿಗೆ ಬಳ್ಳಾರಿ ಜಾಲಿ ಶತ್ರು. ಚಳ್ಳಕೆರೆ ಕಡೆ ಜಾಲಿ ಕೀಳಲು ಹೋಗಿ ಒಂದೇ ವಾರ ಮೂರು ಪಂಕ್ಚರ್ ಹಾಕಿಸಿದ್ದೇನೆ. ಹಿಂದಿನ ಒಂದು ಟೈರ್ ಹೊಸದು ಹಾಕಿಸಿದರೆ ಮೂವತ್ತು ಸಾವಿರದ ಹತ್ತಿರ ಆಗುತ್ತದೆ. ಆದರೆ ಟೈರ್ ಒಂದೊಂದಾಗಿ ಹೋಗುತ್ತದೆ, ಒಂದೊಂದಾಗಿ ಹಾಕಿಸಬಹುದು. ಚೈನ್, ರೋಲರ್, ಚೈನ್ ತಿರುಗಿಸುವ ಹಲ್ಲಿನ ಚಕ್ರ ಸ್ಪ್ರಾಕೆಟ್ ಹಾಗಲ್ಲ. ಒಂದು ಸವೆದರೆ ಅದು ಇನ್ನೊಂದನ್ನು ತಿನ್ನುತ್ತದೆ, ಕೊನೆಗೆ ಸೆಟ್ಟೇ ಬದಲಿಸಬೇಕು. ನನಗೆ ಎರಡು ಲಕ್ಷ ದಾಟಿದ ಲೆಕ್ಕ ಕೊಟ್ಟಿದ್ದರು. ಚಿತ್ರದುರ್ಗ ಕಡೆಯ ಕಲ್ಲು ನೆಲದಲ್ಲಿ ಜಾಸ್ತಿ ನಡೆಸಿದರೆ ಇನ್ನೂ ಬೇಗ ಸವೆಯುತ್ತದೆ.

ಟೈರ್ ಗಾಡಿಯ ಮುಂದಿನ ಬಕೆಟ್ ಬೆಲೆ ನನಗೆ ಗೊತ್ತಾದದ್ದು ಅದು ಇಲ್ಲದ ಹದಿನಾಲ್ಕು ತಿಂಗಳಲ್ಲಿ. ಟ್ರ್ಯಾಕ್ಟರ್‌ಗೆ ಗೊಬ್ಬರ ತುಂಬು, ಕೆರೆ ಗೋಡು ತುಂಬು, ಗರಸು ಹರಡು, ಕಣ ಮಟ್ಟ ಮಾಡು, ಬೇಸಿಗೆಯಲ್ಲಿ ಬರುವ ಅರ್ಧ ಕೆಲಸ ಇಂಥದ್ದೇ. ಚೈನ್ ಗಾಡಿಯಲ್ಲೂ ತುಂಬಬಹುದು, ಆದರೆ ಲೋಡರ್ ಮೂರು ನಾಲ್ಕು ಸಲಕ್ಕೆ ತುಂಬುವ ಟ್ರ್ಯಾಕ್ಟರ್ ಟ್ರೈಲರಿಗೆ ಅದು ಹತ್ತು ಹನ್ನೆರಡು ಸಲ ಮೊಗೆಯಬೇಕು. ಕಾಯುವ ಟ್ರ್ಯಾಕ್ಟರ್‌ನವರು ಸಾಲಾಗಿ ನಿಂತು ಮುಖ ನೋಡುತ್ತಾರೆ.

ನಾನು ರಾತ್ರಿ ಮನೆಗೆ ಬಂದು ಮಲಗಬೇಕು ಅನ್ನುವವನು. ಒಂದೇ ಗಾಡಿ, ಒಬ್ಬನೇ ಹೆಲ್ಪರ್, ಸುತ್ತಲಿನ ಇಪ್ಪತ್ತು ಇಪ್ಪತ್ತೈದು ಊರು, ಒಂದು ಎರಡು ಗಂಟೆಯ ಬಿಡಿ ಕೆಲಸ, ತಿಂಗಳಿಗೊಂದು ಕಂತು. ಹೀಗಿದ್ದರೆ ಟೈರ್ ಗಾಡಿ ಬಿಟ್ಟು ಬೇರೆ ಯೋಚನೆ ಬೇಡ. ಲೇಔಟ್, ಕಾಲುವೆ, ಹೈವೇ ಅಂತ ತಿಂಗಳುಗಟ್ಟಲೆ ಒಂದೇ ಜಾಗದಲ್ಲಿ ಕೆಲಸ ಕೊಡುವ ಕಂಟ್ರಾಕ್ಟರ್ ಕೈಯಲ್ಲಿದ್ದರೆ, ಸಾಗಿಸುವ ಖರ್ಚು ಅವನೇ ಕೊಡುತ್ತಾನೆ ಅಂತ ಬರಹದಲ್ಲಿ ಮಾತಾಗಿದ್ದರೆ, ಚೈನ್ ಗಾಡಿ ತಗೊಳ್ಳಿ. ಸಂಬಳಕ್ಕೆ ಹೋಗುವ ಹುಡುಗರು ಎರಡನ್ನೂ ಕಲಿಯಿರಿ.

ಹಳೇ ಟೈರ್ ಗಾಡಿ ನೋಡಲು ಹೋಗುವವರಿಗೆ ಇಷ್ಟು ಹೇಳುತ್ತೇನೆ. ಗಾಡಿ ಎಷ್ಟು ಗಂಟೆ ಓಡಿದೆ ಅಂತ ತೋರಿಸುವ ಅವರ್ ಮೀಟರ್ ನಂಬಬೇಡಿ, ಪೆಡಲ್ ಮೇಲಿನ ರಬ್ಬರ್ ಎಷ್ಟು ಸವೆದಿದೆ ನೋಡಿ. ಜಾಕ್ ಊರಿ ಗಾಡಿ ಎತ್ತಿ, ಎಂಜಿನ್ ಆಫ್ ಮಾಡಿ, ಒಂದು ಟೀ ಕುಡಿದು ಬನ್ನಿ. ಗಾಡಿ ಇಳಿದಿದ್ದರೆ ಒಳಗೆ ಸೀಲ್ ಹೋಗಿದೆ ಅಂತ ಲೆಕ್ಕ. ಆಮೇಲೆ ಹಿಂದಿನ ಬಕೆಟ್ಟನ್ನು ನೆಲದಿಂದ ಸ್ವಲ್ಪ ಎತ್ತಿಸಿ, ಪಕ್ಕದಲ್ಲಿ ನಿಂತು ಕೈಯಿಂದ ಅಲ್ಲಾಡಿಸಿ ನೋಡಿ. ಕೀಲಿನ ಪಿನ್ನು, ಬುಷ್ಷು ಸವೆದು ಕಟಕಟ ಅಂದರೆ ಆ ಖರ್ಚು ಕಳೆದು ಬೆಲೆ ಮಾತಾಡಿ. ಒಪ್ಪದಿದ್ದರೆ ಎದ್ದು ಬನ್ನಿ, ಗಾಡಿ ಬೇಕಾದಷ್ಟು ಸಿಗುತ್ತವೆ.