ಸೂಜಿ ಇಡುವ ಪುಟ್ಟ ಪುಸ್ತಕದ ಕಿಟ್: ಮಡಿಕೆ ಚೆಂದ, ಒಳಗಿನ ಸ್ಪಂಜ್ ಬೇಡ

ಧಾರವಾಡದಲ್ಲಿ ನಮ್ಮಜ್ಜಿ ಸೂಜಿಯನ್ನು ಗೋಡೆಯ ಕ್ಯಾಲೆಂಡರಿಗೆ ಚುಚ್ಚಿಡುತ್ತಿದ್ದಳು. ದಾರ ಅದರಲ್ಲೇ ಜೋತಾಡುತ್ತಿತ್ತು. ಮದುವೆಯಾಗಿ ಉಡುಪಿಗೆ ಬಂದ ಮೇಲೆ ನಾನೂ ಹಾಗೇ ಮಾಡುತ್ತಿದ್ದೆ. ಆದರೆ ಇಲ್ಲಿ ಮಳೆಗಾಲ ಶುರುವಾದರೆ ಸೂಜಿಗೆ ತುಕ್ಕು ಖಂಡಿತ. ಆ ಸೂಜಿಯಿಂದ ಹೊಲಿದರೆ ಬಿಳಿ ಬಟ್ಟೆಯ ಮೇಲೆ ಕಂದು ಚುಕ್ಕೆ ಬೀಳುತ್ತದೆ, ಒಗೆದರೂ ಹೋಗುವುದಿಲ್ಲ. ಅದಕ್ಕೇ ಕೈಯಲ್ಲೇ ಹೊಲಿದುಕೊಳ್ಳುವ ಸೂಜಿ ಪುಸ್ತಕದ ಕಿಟ್ ಕಂಡಾಗ ತರಿಸಿಕೊಂಡೆ. ಕೊರಿಯರ್ ಸೇರಿ 450 ರೂಪಾಯಿ ಆಯಿತು.

ಒಳಗಿದ್ದದ್ದು ಇಷ್ಟು: 6 ಇಂಚಿನ ನಾಲ್ಕು ಚೌಕ ಕಾಟನ್ ತುಂಡು, 1¾ ಇಂಚಿನ ನಾಲ್ಕು ಹೂವಿನ ಪ್ರಿಂಟಿನ ತುಂಡು, ದಾರ, ಎರಡು ಸೂಜಿ, ಒಂದು ಟಿಚ್ ಬಟನ್, ಒಳಪುಟಕ್ಕೆಂದು ತೆಳು ಸ್ಪಂಜ್. ಜೊತೆಗೆ ಚಿತ್ರಗಳಿರುವ ಒಂದು ಹಾಳೆ.

ಇದು ಕ್ಯಾಥೆಡ್ರಲ್ ವಿಂಡೋ, ಅಂದರೆ ಚರ್ಚಿನ ಕಿಟಕಿ ಅನ್ನುವ ಮಡಿಕೆ. ಚೌಕದ ನಾಲ್ಕೂ ಅಂಚನ್ನು ಕಾಲು ಇಂಚು ಒಳಗೆ ಮಡಚಿ ಇಸ್ತ್ರಿ ಮಾಡಬೇಕು. ನಾಲ್ಕು ಮೂಲೆಗಳನ್ನು ಮಧ್ಯಕ್ಕೆ ತರಬೇಕು. ಆಮೇಲೆ ಹೊಸದಾಗಿ ಹುಟ್ಟಿದ ನಾಲ್ಕು ಮೂಲೆಗಳನ್ನು ಮತ್ತೊಮ್ಮೆ ಮಧ್ಯಕ್ಕೆ ತಂದು, ಎಲ್ಲ ಪದರ ಹಿಡಿಯುವಂತೆ ನಡುವೆ ಒಂದು ಬಿಗಿ ಟಾಕು. 6 ಇಂಚಿನ ಬಟ್ಟೆ 2¾ ಇಂಚಿಗೆ ಇಳಿಯುತ್ತದೆ. ಎಲ್ಲಿ ಮುಟ್ಟಿದರೂ ನಾಲ್ಕು ಪದರ. ಹಾಗಾಗಿ ಒಳಗೆ ಹತ್ತಿಯೂ ಬೇಡ, ಹಿಂದೆ ಲೈನಿಂಗೂ ಬೇಡ. ಮೊದಲ ಚೌಕ ಮುಗಿದಾಗ ಅದನ್ನು ಅಂಗೈಯಲ್ಲಿಟ್ಟುಕೊಂಡು ಸುಮಾರು ಹೊತ್ತು ನೋಡಿದೆ. ಅಷ್ಟು ಗಟ್ಟಿ, ಅಷ್ಟು ಅಚ್ಚುಕಟ್ಟು.

ಎರಡನೆಯದರಲ್ಲಿ ತೊಂದರೆಯಾಯಿತು. ಮೂಲೆಗಳು ಏನು ಮಾಡಿದರೂ ಮಧ್ಯದಲ್ಲಿ ಕೂಡಲಿಲ್ಲ. ಟೇಪ್ ಹಿಡಿದು ನೋಡಿದರೆ ಆ ತುಂಡು ಒಂದು ಕಡೆ 5¾ ಇಂಚು ಮಾತ್ರ ಇತ್ತು! ಮಡಿಕೆಯ ಕೆಲಸದಲ್ಲಿ ಇದು ದೊಡ್ಡ ತಪ್ಪು. ಬೇರೆ ಹೊಲಿಗೆಯಾದರೆ ಎಳೆದು ಸರಿಮಾಡಬಹುದು, ಇಲ್ಲಿ ಆಗುವುದಿಲ್ಲ. ನಾನು ಅದನ್ನು ತೆಗೆದಿಟ್ಟು, ಒಂದು ಬ್ಲೌಸ್ ಪೀಸಿನಿಂದ ಸರಿಯಾಗಿ ಕತ್ತರಿಸಿಕೊಂಡೆ. ನೀವು ತರಿಸಿದರೆ ಮಡಚುವ ಮೊದಲು ನಾಲ್ಕನ್ನೂ ಅಳೆಯಿರಿ.

ನಾಲ್ಕು ಚೌಕಗಳನ್ನು ಅಂಚಿಗೆ ಅಂಚು ಸೇರಿಸಿ ಹೊಲಿದರೆ 5½ ಇಂಚಿನ ದೊಡ್ಡ ಚೌಕ. ನಡುವೆ ಮಡಚಿದರೆ ಅದೇ ಪುಸ್ತಕದ ಹೊದಿಕೆ. ಎರಡು ಚೌಕ ಕೂಡುವಲ್ಲೆಲ್ಲ ವಜ್ರದ ಆಕಾರದ ಒಂದು ಜಾಗ ಉಳಿಯುತ್ತದೆ. ಅದೇ ಕಿಟಕಿ. ಅಲ್ಲಿ ಹೂವಿನ ತುಂಡು ಇಟ್ಟು, ಸುತ್ತಲಿನ ಮಡಿಕೆಯ ಅಂಚನ್ನು ಅದರ ಮೇಲೆ ಮಗುಚಿ ಹೆಮ್ಮಿಂಗ್ ಮಾಡಬೇಕು. ಆ ಅಂಚು ತಾನಾಗಿಯೇ ದಳದ ಹಾಗೆ ಬಾಗುತ್ತದೆ. ಯಾಕೆ ಅಂದರೆ ಮೂಲೆಗಳನ್ನು ಮೊದಲ ಸಲ ಮಧ್ಯಕ್ಕೆ ತಂದಾಗ ಹುಟ್ಟಿದ ಅಂಚು ಕ್ರಾಸ್‌ನಲ್ಲಿದೆ, ಅಂದರೆ ಬಟ್ಟೆಯ ಎಳೆಗೆ ಓರೆಯಾಗಿದೆ. ಕ್ರಾಸ್ ಬಟ್ಟೆ ಹಿಗ್ಗುತ್ತದೆ ಅಲ್ವಾ, ಹಾಗಾಗಿ ಒಂದೂ ನೆರಿಗೆ ಬೀಳದೆ ತಿರುಗುತ್ತದೆ. ಹಾಳೆಯಲ್ಲಿ ಈ ಮಾತೇ ಇಲ್ಲ. ಒಂದು ಸಾಲು ಬರೆದಿದ್ದರೆ ಹೊಸಬರಿಗೆ ಎಷ್ಟು ಧೈರ್ಯ ಬರುತ್ತಿತ್ತು.

ಕಿಟ್ಟಿನ ಸೂಜಿಗಳು ದಪ್ಪ. ಇಷ್ಟು ಪದರಗಳಲ್ಲಿ ಅವು ಹೋಗುವಷ್ಟರಲ್ಲಿ ಬೆರಳು ನೋಯುತ್ತದೆ. ನಾನು 9ನೇ ನಂಬರಿನ ಸೂಜಿ ತೆಗೆದುಕೊಂಡೆ. ಕೈಹೊಲಿಗೆಯ ಸೂಜಿಯಲ್ಲಿ ನಂಬರ್ ಜಾಸ್ತಿಯಾದಷ್ಟೂ ಸೂಜಿ ಸಣ್ಣ.

ಇನ್ನು ಸ್ಪಂಜ್. ಹಾಳೆಯಲ್ಲಿ ಹೇಳಿದ ಹಾಗೇ ಹೊಲಿದೆ, ಸೂಜಿ ಚುಚ್ಚಿಟ್ಟೆ. ಜುಲೈ ತಿಂಗಳು. ಹತ್ತು ದಿನ ಬಿಟ್ಟು ತೆಗೆದರೆ ಮೂರು ಸೂಜಿಗಳ ಮೇಲೆ ತುಕ್ಕಿನ ಚುಕ್ಕೆ. ನಿಜವಾಗಿಯೂ ಬೇಜಾರಾಯಿತು. ಸ್ಪಂಜ್ ತೇವ ಹಿಡಿದಿಟ್ಟುಕೊಳ್ಳುತ್ತದೆ, ಸೂಜಿಗೆ ಅದಕ್ಕಿಂತ ಕೆಟ್ಟ ಜಾಗ ಇಲ್ಲ. ಬಿಚ್ಚಿ ತೆಗೆದೆ. ಮೊದಲು ಊರಿನ ಕಂಬಳಿಯ ಚೂರು ಹಾಕಿ ನೋಡಿದೆ, ದಪ್ಪಕ್ಕೆ ಬಟನ್ ಕೂಡಲಿಲ್ಲ. ಕೊನೆಗೆ ಅತ್ತೆಯವರ ಹಳೇ ಉಣ್ಣೆ ಶಾಲಿನಿಂದ ಎರಡು ಪುಟ ಕತ್ತರಿಸಿ ನಡುವೆ ಹೊಲಿದೆ. ಈ ಸೆಪ್ಟೆಂಬರ್‌ವರೆಗೆ ಒಂದು ಸೂಜಿಯೂ ಕೆಟ್ಟಿಲ್ಲ.

ಮಡಚುತ್ತಾ ಕೂತಾಗ ನನಗೆ ಹಳಿಯಾಳದ ಕಡೆಯ ಸಿದ್ದಿ ಹೆಂಗಸರ ಕೌದಿ ನೆನಪಾಗುತ್ತಿತ್ತು. ಅವರು ಒಂದು ಮೂಲೆಯಿಂದ ಶುರುಮಾಡಿ ಸುತ್ತುತ್ತಾ ನಡುವಿಗೆ ಬರುತ್ತಾರೆ. ಬಟ್ಟೆಯ ಚೂರುಗಳನ್ನು ಮಡಚಿ, ಪದರ ಪದರವಾಗಿ ನಾಲ್ಕು ಮೂಲೆಗೂ ತ್ರಿಕೋನ ಇಡುತ್ತಾರೆ. ಅದಕ್ಕೆ ಅವರು ಹೂ ಅನ್ನುವ ಅರ್ಥದ ಹೆಸರನ್ನೇ ಇಟ್ಟಿದ್ದಾರೆ, ಫುಲಾ. ಅದಿಲ್ಲದ ಕೌದಿ ಅವರ ಲೆಕ್ಕದಲ್ಲಿ ಮುಗಿದಿಲ್ಲ. ಮಡಚಿದ ಬಟ್ಟೆಯ ಮೇಲಿನ ಆ ಪ್ರೀತಿ ನನಗೆ ಈ ಪುಟ್ಟ ಕೆಲಸದಲ್ಲಿ ಅರ್ಥವಾಯಿತು.

ಹೊಲಿಗೆ ಗೊತ್ತಿಲ್ಲದವರಿಗೆ ಕಿಟ್ ಕೊಳ್ಳಿ ಅಂತಲೇ ಹೇಳುತ್ತೇನೆ. ಚಿತ್ರಗಳು ಸ್ಪಷ್ಟವಾಗಿವೆ, ಬಟ್ಟೆ ಬಣ್ಣ ಬಿಡುವುದಿಲ್ಲ, ಮೂರು ಮಧ್ಯಾಹ್ನದಲ್ಲಿ ಮುಗಿಯುತ್ತದೆ. ಹೆಮ್ಮಿಂಗ್ ಬರುವವರು 450 ಕೊಡಬೇಕಿಲ್ಲ. ಅಷ್ಟು ದುಡ್ಡಿಗೆ ಒಳ್ಳೆ ಪಾಪ್ಲಿನ್ ತಂದರೆ ಐದಾರು ಪುಸ್ತಕ ಮಾಡಬಹುದು.

ನಾನು ಎರಡನೆಯದನ್ನು ಹಾಗೇ ಮಾಡುತ್ತಿದ್ದೇನೆ, ನನ್ನ ತಂಗಿಗೆ. ಹೊರಗೆ ಕಪ್ಪು ಪಾಪ್ಲಿನ್, ಕಿಟಕಿಗೆ ಗುಳೇದಗುಡ್ಡದ ಖಣದ ಚೂರು. ಖಣದ ಅಂಚು ಬೇಗ ಎಳೆ ಬಿಡುತ್ತದೆ, ಆದರೆ ಇಲ್ಲಿ ಅಂಚೆಲ್ಲ ಮಡಿಕೆಯ ಒಳಗೆ ಹೋಗುವುದರಿಂದ ಚಿಂತೆಯಿಲ್ಲ. ಮೂರು ಕಿಟಕಿ ಆಗಿವೆ. ನಾಲ್ಕನೆಯದಕ್ಕೆ ಅಜ್ಜಿಯ ಕುಬುಸದ ಕೆಂಪು ಚೂರನ್ನು ಎತ್ತಿಟ್ಟಿದ್ದೇನೆ.